ಗುರಿಕಾರನ ಮಾತು

ಬಿಳಿ ಅಂಗಿ ಹಾಕುವುದೋ ಬೇಡವೋ ಎಂಬುದೇ ತೀರ್ಮಾನವಾಗದೆ ತಿಲಕ್ ಆ ಭಾನುವಾರದ ಬೆಳಗನ್ನು ಇಸ್ತ್ರಿಪೆಟ್ಟಿಗೆ ಬಿಸಿ ಮಾಡುವುದು, ಆರಿಸುವುದು, ಮತ್ತೆ ಬಿಸಿ ಮಾಡುವುದು ಇದರಲ್ಲೇ ಕಳೆದ. ಬಿಳಿಯದ್ದು ಹಾಕಿದರೆ ಗುರಿಕಾರನಾಗಿಯೇ ಹೊರಟ ಹಾಗಾಗುತ್ತದೆ. ನೀಲಿ ಚೌಕಳಿಯದ್ದು ಹಾಕಿದರೆ ದುಬೈಯ ರಾಸ್ ಅಲ್ ಖೋರ್‌ನ ಗೋದಾಮಿನಲ್ಲಿ ವಾರವಿಡೀ ಕೊರಗಪ್ಪನವರ ಲಾರಿ ಬಿಡಿಭಾಗಗಳನ್ನು ಕಾಯುವ ತಿಲಕನಾಗಿಯೇ ಹೋದ ಹಾಗೆ. ಕನ್ನಡಿಯಲ್ಲಿ ಬನಿಯನ್ನಿನಲ್ಲಿ ನಿಂತವನು ಇಬ್ಬರಲ್ಲಿ ಯಾರೂ ಆಗಿರಲಿಲ್ಲ. ಹೊಟ್ಟೆ ತುಸು ಮುಂದೆ ಬಂದ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಯಾರೋ ಒಬ್ಬ. ಅಲ್ ಕುಸೈಸಿನ ಆ ಫ್ಲ್ಯಾಟಿನಲ್ಲಿ ಏಸಿ ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಅಡುಗೆಮನೆಯಿಂದ ಯಶ್ಮಿತಾ, "ಬಿಳಿಯದ್ದೇ ಹಾಕಿ. ಕೊರಗಪ್ಪಣ್ಣನಿಗೆ ಖುಷಿ ಆಗ್ತದೆ" ಎಂದು ಕೂಗಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಗುರಿಕಾರ ಬಿಳಿ ಅಂಗಿ ಹಾಕಿದರೆ ಖುಷಿಪಡುವವರು ಕೊರಗಪ್ಪಣ್ಣ ಎಂಬ ಮಾತು, ಕ್ಷೌರ ಮಾಡಿಸಿಕೊಂಡ ದಿನ ಕಾಲರಿನೊಳಗೆ ಉಳಿದ ಕೂದಲಿನ ಹಾಗೆ, ಅವನನ್ನು ಚುಚ್ಚುತ್ತ ಉಳಿಯಿತು.

ಗುರಿಕಾರಿಕೆ ಅವನು ಬೇಡಿ ಪಡೆದದ್ದಲ್ಲ. ಊರಿನಲ್ಲಿ ಅವನ ಜಾತಿಯ ಮನೆಗಳೆಲ್ಲ ಸೇರಿ ಒಂದು ಕೂಡುಕಟ್ಟು. ಮದುವೆಯಿರಲಿ, ಸಾವಿರಲಿ, ಒಂದು ಮನೆಗೆ ಎಲ್ಲ ಮನೆಯವರೂ ಹೋಗಿ ನಿಲ್ಲಬೇಕು. ಜಗಳ ಬಂದರೆ ಪೋಲೀಸು ಕೋರ್ಟು ಎನ್ನದೆ ಕೂಡುಕಟ್ಟಿನ ಮುಂದೆಯೇ ಬಗೆಹರಿಸಿಕೊಳ್ಳಬೇಕು. ಅದರ ತಲೆ ಗುರಿಕಾರ. ಅವನು ಹೇಳಿದರೆ ಒಂದು ಮನೆ ಒಳಗೆ, ಅವನು ಹೇಳಿದರೆ ಹೊರಗೆ. ತಲೆಮಾರುಗಳಿಂದ ಅದು ತಿಲಕನ ಮನೆಯಲ್ಲಿ ನಡೆದುಬಂದದ್ದು. ಅಪ್ಪ ತೀರಿಕೊಂಡ ವರ್ಷ ರಜೆಯಲ್ಲಿ ಹೋದಾಗ ದೈವಸ್ಥಾನದ ಅಂಗಳದಲ್ಲಿ ಅವನ ತಲೆಗೆ ಮುಂಡಾಸು ಸುತ್ತಿದರು, ಮೊಬೈಲಿನಲ್ಲಿ ಫೋಟೋ ತೆಗೆದರು. ಕೊರಗಪ್ಪನವರೂ ದುಬೈಯಿಂದ ಬಂದಿದ್ದರು. ಹೆಗಲಿಗೆ ಶಾಲು ಹೊದಿಸಿ, "ಅಲ್ಲಿ ನಾನು ಬಾಸು, ಇಲ್ಲಿ ನೀನು ಬಾಸು, ಆಯ್ತಾ ತಿಲಕಾ?" ಎಂದು ಎಲ್ಲರಿಗೂ ಕೇಳುವಂತೆ ನಕ್ಕಿದ್ದರು. ಎಲ್ಲರೂ ನಕ್ಕರು. ತಿಲಕನೂ ನಕ್ಕ. ಊರಿಗೆ ಹೋದಾಗ ಮೊದಲ ವೀಳ್ಯ ತನಗೆ, ಮೊದಲ ಪ್ರಸಾದ ತನಗೆ, ಇನ್ನೇನಿದೆ ಇದರಲ್ಲಿ ಎಂದುಕೊಂಡಿದ್ದ. ತನ್ನ ಮಾತನ್ನು ಯಾರಾದರೂ ನಿಜವಾಗಿ ಕೇಳಿಬಿಡುತ್ತಾರೆ ಎಂದು ಎಣಿಸಿರಲಿಲ್ಲ.

ಕೇಳಿಬಿಟ್ಟಿದ್ದರು. ಕೆಲವು ತಿಂಗಳ ಹಿಂದೆ, ಸೂಪರ್‌ಮಾರ್ಕೆಟ್ಟಿನಲ್ಲಿ ಕಲ್ಲಂಗಡಿಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದಾಗ ಊರಿನಿಂದ ಫೋನು. ದೈವಸ್ಥಾನದ ಸಮಿತಿಯ ಅಧ್ಯಕ್ಷ, ಕೊರಗಪ್ಪನವರ ತಮ್ಮ. ದೈವಸ್ಥಾನಕ್ಕೆ ವಾಹನ ಹೋಗುವ ದಾರಿಗೆ ಗದ್ದೆಯಾಚೆಯ ಮನೆಯ ಅಮ್ಮಣ್ಣಿ ತನ್ನ ಅಂಗಳ ಬಿಡಲಿಲ್ಲ, ಕೂಡುಕಟ್ಟು ಕರೆದರೆ ಬರಲಿಲ್ಲ, ಬದಲಿಗೆ ಕೋರ್ಟಿಗೆ ಹೋಗಿ ತಡೆ ತಂದಿದ್ದಾಳೆ. "ಅವಳ ಮನೆ ಹೊರಗೆ ಅಂತ ನಾವೆಲ್ಲ ಕೂತು ಮಾತಾಡಿ ಆಗಿದೆ. ನಿಮ್ಮದೊಂದು ಮಾತು ಬಾಕಿ, ಗುರಿಕಾರ್ರೇ." ಆ ದಾರಿ ದೈವಸ್ಥಾನದ ಬಾಗಿಲಿಗೆ ನಿಲ್ಲುವುದಿಲ್ಲ, ಅದರಾಚೆ ಕೊರಗಪ್ಪನವರು ಕೊಂಡಿಟ್ಟ ಗುಡ್ಡದವರೆಗೂ ಹೋಗುತ್ತದೆ ಎಂಬುದು ತಿಲಕನಿಗೆ ಗೊತ್ತಿತ್ತು. ಹಿಂದೆ ಯಾರೋ ಹೆಂಗಸು ಟ್ರಾಲಿ ಹಿಡಿದು ದಾರಿಗೆ ಕಾಯುತ್ತಿದ್ದಳು. ಮಗಳು ಪ್ರಾರ್ಥನಾ "ಪಪ್ಪಾ, ಕಮ್ ಆನ್" ಎಂದು ತೋಳು ಜಗ್ಗುತ್ತಿದ್ದಳು. "ಆಗ್ಲಿ" ಎಂದ. ಅಷ್ಟೇ. ಮನೆಗೆ ಬಂದು ಕೊಯ್ದಾಗ ಹಣ್ಣು ಒಳಗೆ ಬಿಳಿಯಾಗಿತ್ತು, ಅದಕ್ಕೆ ಬೇಜಾರಾಗಿತ್ತು ಎಂಬುದು ನೆನಪಿದೆ. ಅಮ್ಮಣ್ಣಿಯಕ್ಕನ ಬಗ್ಗೆ ಆ ದಿನ ಯೋಚಿಸಿದ ನೆನಪು ಮಾತ್ರ ಇಲ್ಲ.

ಅಮ್ಮಣ್ಣಿಯಕ್ಕ ನಿನ್ನೆ ತೀರಿಕೊಂಡಿದ್ದಳು. ಹಗಲಾದರೂ ದೀಪ ಉರಿಯುತ್ತಿದೆಯಲ್ಲ ಎಂದು ಪಕ್ಕದ ಹಿತ್ತಲಿನ ಹರ್ಬರ್ಟ್ ಇಣುಕಿ ನೋಡಿದಾಗ ಅಡುಗೆಮನೆಯಲ್ಲಿ ಬಿದ್ದಿದ್ದಳಂತೆ. ಈಗ ಪೇಟೆಯ ಆಸ್ಪತ್ರೆಯ ಶವಾಗಾರದಲ್ಲಿದ್ದಾಳೆ. ಇರುವವಳು ಒಬ್ಬಳೇ ಮಗಳು, ಅಶ್ಮಿತಾ, ಅಬುಧಾಬಿಯಲ್ಲಿ ನರ್ಸು. ಅವಳು ಇವತ್ತು ಸಂಜೆ ದುಬೈಯಿಂದ ವಿಮಾನ ಹತ್ತುತ್ತಾಳೆ, ನಾಳೆ ಬೆಳಿಗ್ಗೆ ಹೆಣ ಮನೆಗೆ ಬರುತ್ತದೆ. ಆದರೆ ಹೊರಗಿನ ಮನೆಯ ಹೆಣಕ್ಕೆ ಹೆಗಲು ಕೊಡಲು ಕೂಡುಕಟ್ಟಿನವರು ಬರುವುದಿಲ್ಲ. ಅದನ್ನು ತೀರ್ಮಾನಿಸಲೆಂದೇ ಕರಾಮದ ಹೋಟೆಲಿನಲ್ಲಿ ಇವತ್ತಿನ ಈ ಊಟ. ಮೀಟಿಂಗ್ ಎನ್ನಬಾರದು ಎಂದು ಕೊರಗಪ್ಪನವರು ಎಲ್ಲರಿಗೂ ಹೇಳಿಸಿದ್ದರು. ಈ ದೇಶದಲ್ಲಿ ಅನುಮತಿಯಿಲ್ಲದೆ ಮೀಟಿಂಗ್ ಮಾಡಿದರೆ ತೊಂದರೆ. ಊಟಕ್ಕೆ ಯಾರೂ ಏನೂ ಹೇಳುವುದಿಲ್ಲ.

ಕೊನೆಗೆ ಬಿಳಿ ಅಂಗಿಯನ್ನೇ ಹಾಕಿಕೊಂಡ. ಮೆಟ್ರೋದಲ್ಲಿ ಸೀಟು ಸಿಗಲಿಲ್ಲ. ಕಂಬ ಹಿಡಿದು ನಿಂತವನ ಮೂಗಿಗೆ ಇದ್ದಕ್ಕಿದ್ದ ಹಾಗೆ ತಂಬಾಕಿನ ಘಾಟು ಬಂತು. ಎದುರು ನಿಂತ ಪಠಾಣನ ಅಂಗಿಯದ್ದಿರಬೇಕು. ಅಮ್ಮಣ್ಣಿಯಕ್ಕನ ಕೈಗೆ ಯಾವಾಗಲೂ ಅದೇ ವಾಸನೆ. ಚಾವಡಿಯಲ್ಲಿ ಕಾಲು ನೀಡಿ ಕೂತು, ಮೊರದ ತುಂಬ ಎಲೆ ತಂಬಾಕು ಹರಡಿಕೊಂಡು, ಬೀಡಿ ಕಟ್ಟುತ್ತಲೇ ಮಾತಾಡುತ್ತಿದ್ದಳು. ಬೆರಳು ಕೆಲಸ ಮಾಡುತ್ತಿದೆ ಎಂಬುದು ಅವಳಿಗೇ ಗೊತ್ತಿಲ್ಲದ ಹಾಗೆ. ಶಾಲೆಯಿಂದ ಬರುವಾಗ ಅವನು ಅವಳ ಅಂಗಳ ಹಾದೇ ಬರುತ್ತಿದ್ದ. ಎಲೆ ಕತ್ತರಿಸಲು ಕತ್ತರಿ ಕೊಡುತ್ತಿದ್ದಳು, ಓರೆಯಾಗಿ ಕತ್ತರಿಸಿದರೆ ನಗುತ್ತಿದ್ದಳು, "ಗುರಿಕಾರ್ರ ಮಗ ಇದನ್ನೆಲ್ಲ ಕಲಿತು ಎಂಥ ಮಾಡ್ಲಿಕ್ಕುಂಟು" ಎಂದು ಬೆಲ್ಲದ ತುಂಡು ಬಾಯಿಗೆ ಹಾಕುತ್ತಿದ್ದಳು. ಅವಳ ಅಂಗಳದಿಂದ ಮನೆಗೆ ಬಂದರೆ ಅಲ್ಲಿ ಅಪ್ಪನ ಅಂಗಳ. ಒಮ್ಮೆ ಅಲ್ಲಿ ಒಬ್ಬ ಗಂಡಸು ತಲೆಯ ಮುಂಡಾಸು ತೆಗೆದು ನೆಲಕ್ಕಿಟ್ಟು ನಿಂತಿದ್ದ. ಅವನು ಮಾಡಿದ ತಪ್ಪೇನೆಂದು ಮಕ್ಕಳಿಗೆ ತಿಳಿಯಲಿಲ್ಲ. ಅಪ್ಪ ದನಿ ಎತ್ತದೆ ಒಂದೇ ಮಾತು ಹೇಳಿದ್ದು, ಅಷ್ಟೂ ಜನ ಎದ್ದು ಆ ಮನುಷ್ಯನನ್ನು ಮುಟ್ಟದ ಹಾಗೆ ಬಳಸಿಕೊಂಡು ಹೋದದ್ದು, ಅಂಗಳದಲ್ಲಿ ಅವನೊಬ್ಬನೇ ಉಳಿದದ್ದು ಇಷ್ಟು ಮಾತ್ರ ಕಂಬದ ಮರೆಯಿಂದ ಕಂಡಿತ್ತು. ಆಮೇಲೆ ಎಷ್ಟೋ ದಿನ ದಾಯಾದಿ ಮಕ್ಕಳೊಂದಿಗೆ ಅದೇ ಆಟ. ನೀನು ಹೊರಗೆ, ನೀನು ಹೊರಗೆ. ಒಳಗೆ ಕರೆಯುವ ಆಟ ಇರಲಿಲ್ಲ. ಹೊರಗೆ ಹೋದವರು ಬೇಸರ ಬಂದು ಮನೆಗೆ ಹೋಗಿಬಿಡುತ್ತಿದ್ದರು. ಆ ಮನುಷ್ಯನ ಸಂಸಾರ ಮುಂದೆ ಏನಾಯಿತು? ಘಟ್ಟದ ಮೇಲೆ ಹೋದರು ಎಂದು ಯಾರೋ ಅಂದಿದ್ದರು. ಅಪ್ಪನನ್ನು ಕೇಳಲಿಲ್ಲ. ಅಪ್ಪ ಆ ರಾತ್ರಿ ಎಂದಿನಂತೆ ಬಂಗುಡೆ ಸಾರಿನಲ್ಲಿ ಉಂಡಿದ್ದ; ಮುಳ್ಳುಗಳನ್ನು ಬಾಳೆಲೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ.

ವೆಂಕಟರಾಮಯ್ಯನವರ ಹೋಟೆಲಿನ ಮಹಡಿಯ ಕೋಣೆಯಲ್ಲಿ ಹಿಂದಿನ ದಿನ ಯಾರದ್ದೋ ಮಗುವಿನ ಹುಟ್ಟುಹಬ್ಬ ನಡೆದಿತ್ತು. ಗೋಡೆಗೆ ಅಂಟಿಸಿದ ಬಣ್ಣದ ಕಾಗದ ಹಾಗೇ ಇತ್ತು, ಗಾಳಿ ಇಳಿದ ಬಲೂನುಗಳು ಏಸಿಯ ಗಾಳಿಗೆ ನೆಲದಲ್ಲಿ ಉರುಳಾಡುತ್ತಿದ್ದವು. ವೆಂಕಟರಾಮಯ್ಯ ಮೆಟ್ಟಿಲ ಬಳಿ ಕೈಮುಗಿದು, "ನಿಮ್ಮ ನಿಮ್ಮೊಳಗಿನದ್ದು, ನಾನು ಮೇಲೆ ಬರುವುದಿಲ್ಲ" ಎಂದು ಕೆಳಗೇ ಉಳಿದರು. ಊರಿನ ಕೂಡುಕಟ್ಟಿಗೆ ಸೇರಿದ ದುಬೈಯ ಗಂಡಸರೆಲ್ಲ ಬಂದಿದ್ದರು. ಮೇಜಿನ ತುದಿಯ ಕುರ್ಚಿ ತಿಲಕನಿಗೆಂದು ಖಾಲಿ ಬಿಟ್ಟಿದ್ದರು. ಅದರ ಬಲಕ್ಕೆ ಕೊರಗಪ್ಪನವರು. ಅವರು ನಿಂತಿದ್ದರು; ಅವರು ಕೂರುವ ಮೊದಲು ತಾನು ಕೂರಬಹುದೇ ಎಂದು ತಿಳಿಯದೆ ತಿಲಕ್ ಕುರ್ಚಿಯ ಬೆನ್ನು ಹಿಡಿದು ನಿಂತ. "ಕೂತ್ಕೊಳ್ಳಿ ಗುರಿಕಾರ್ರೇ" ಎಂದರು ಕೊರಗಪ್ಪನವರು. "ಆಯ್ತು ಸಾರ್" ಎಂದುಬಿಟ್ಟ. ಯಾರೋ ಕೆಮ್ಮಿದರು. ಸಾರ್ ಎಂಬುದು ಆಫೀಸಿನ ಮಾತು. ಇಲ್ಲಿ ಕೊರಗಪ್ಪಣ್ಣ ಎನ್ನಬೇಕಿತ್ತು. ಊಟ ಮುಗಿಯುವವರೆಗೂ ಆ ಒಂದು ಶಬ್ದ ಅವನ ಎಲೆಯ ಮೇಲೆ ಬಿದ್ದೇ ಇತ್ತು.

ದುಬೈಯಲ್ಲಿರುವ ಊರಿನವರ ಸಂಘದ ಕಾರ್ಯದರ್ಶಿ ಸುಶಾಂತ್, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ, ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ಊರಿಗೆ ವೀಡಿಯೋ ಹಚ್ಚಿದ. ಪರದೆಯಲ್ಲಿ ಕೊರಗಪ್ಪನವರ ತಮ್ಮನ ಗಲ್ಲ, ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಊರಿನ ಹಿರಿಯರು. "ಒಂದು ವಿಷಯ" ಎಂದ ಸುಶಾಂತ್, "ಬಹಿಷ್ಕಾರ ಅಂತ ಯಾರೂ ಬಾಯಿಬಿಡ್ಬೇಡಿ. ಯಾರಾದ್ರೂ ರೆಕಾರ್ಡ್ ಮಾಡಿದ್ರೆ ಕೇಸಾಗ್ತದೆ. ಸಹಕಾರ ಇಲ್ಲ, ಹಾಗೆ ಹೇಳಿ ಸಾಕು." ಎಲ್ಲರೂ ತಲೆಯಾಡಿಸಿದರು.

ಅಶ್ಮಿತಾ ಬಂದಾಗ ಕೆಲವರು ಇನ್ನೂ ಪಾಯಸ ಕುಡಿಯುತ್ತಿದ್ದರು. ಚಕ್ರದ ಸಣ್ಣ ಪೆಟ್ಟಿಗೆಯನ್ನು ಬಾಗಿಲ ಬಳಿ ನಿಲ್ಲಿಸಿ ಒಳಗೆ ಬಂದಳು. ಅತ್ತ ಮುಖವಲ್ಲ, ನಿದ್ದೆಗೆಟ್ಟ ಮುಖ. ಯಾರೋ ಅಭ್ಯಾಸದಂತೆ "ಊಟ?" ಎಂದರು. "ಅಮ್ಮ ಸತ್ತಿದ್ದಾರೆ" ಎಂದಳು. ಲೋಟಗಳು ಮೇಜಿಗಿಳಿದವು.

"ಕೂತ್ಕೊ ಮಗಾ" ಎಂದರು ಕೊರಗಪ್ಪನವರು.

"ಫ್ಲೈಟಿಗೆ ಹೊತ್ತಾಗ್ತದೆ ಕೊರಗಪ್ಪಣ್ಣ. ನಾನು ಎಂಥ ಹೇಳ್ಬೇಕು, ಹೇಳಿ. ಹೇಳಿ ಹೋಗ್ತೇನೆ."

"ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ. ನೀನು ನಮ್ಮ ಮಗಳ ಹಾಗೆ. ಆದ್ರೆ ಕಟ್ಟು ಅಂತ ಒಂದು ಉಂಟಲ್ಲ? ನಿನ್ನ ಅಮ್ಮ ಅದನ್ನು ದಾಟಿ ಕೋರ್ಟಿಗೆ ಹೋದ್ರು. ಅಮ್ಮ ಮಾಡಿದ್ದು ತಪ್ಪಾಯ್ತು, ಕೇಸು ಬಿಡ್ತೇನೆ, ಅಂತ ಇಲ್ಲಿ ಹತ್ತು ಜನರ ಎದುರು ಒಂದು ಮಾತು ಹೇಳು. ಊರಿನವರೂ ಕೇಳ್ತಾರೆ. ಗುರಿಕಾರ್ರು ಆಗ್ಲಿ ಅಂತಾರೆ. ನಾಳೆ ಊರಿಗೆ ಊರೇ ನಿನ್ನ ಅಂಗಳದಲ್ಲಿರ್ತದೆ."

ಅವಳು ತಿಲಕನ ಕಡೆ ತಿರುಗಿದಳು. "ತಿಲಕಣ್ಣ, ಗುರಿಕಾರ್ರು ನೀವಲ್ವಾ? ನಮ್ಮ ಅಂಗಳ ನಮ್ಮದು ಅಂತ ಹೇಳಿದ್ದು ತಪ್ಪಾ?"

ಇದಕ್ಕೆ ಉತ್ತರ ಅವನಲ್ಲಿತ್ತು. ಬಾಯಿಗೂ ಬಂದಿತ್ತು. ಎದುರಿಗಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು, ಚಮಚದ ತುದಿಯಿಂದ ಅದನ್ನು ಬದಿಗೆ ಸರಿಸುತ್ತ, "ಅದು... ಎಲ್ಲ ಸೇರಿ ಮಾಡಿದ ತೀರ್ಮಾನ ಅಲ್ವಾ ಅಶ್ಮಿತಾ..." ಎಂದ. ಕೆನೆ ಚಮಚಕ್ಕೆ ಅಂಟಿಕೊಂಡಿತು. ಅವಳು ಆ ಚಮಚವನ್ನೇ ನೋಡಿದಳು. ಆಮೇಲೆ ಫೋನಿನ ಎದುರು ಬಂದು ನಿಂತು, ಆಸ್ಪತ್ರೆಯಲ್ಲಿ ರೋಗಿಯ ಹೆಸರು ಕರೆಯುವ ದನಿಯಲ್ಲಿ, "ಅಮ್ಮ ಮಾಡಿದ್ದು ತಪ್ಪಾಯ್ತು. ಕೇಸು ಬಿಡ್ತೇನೆ" ಎಂದಳು.

ಕೋಣೆಯಲ್ಲಿ ಎಲ್ಲರ ಉಸಿರು ಒಮ್ಮೆಗೇ ಸಡಿಲಾಯಿತು. ತಿಲಕನಿಗೆ ಎಷ್ಟು ಹಗುರವಾಯಿತೆಂದರೆ ನಾಚಿಕೆಯಾಯಿತು. ಆಗ ಫೋನಿನಿಂದ ಕೊರಗಪ್ಪನವರ ತಮ್ಮನ ಸ್ವರ: "ಇಲ್ಲಿ ಸರಿ ಕೇಳಿಸ್ಲಿಲ್ಲ. ಕಟ್ ಆಗ್ತಾ ಉಂಟು. ಇನ್ನೊಮ್ಮೆ ಹೇಳ್ಲಿ."

ಅವಳು ಇನ್ನೊಮ್ಮೆ ಹೇಳಿದಳು, ಬಿಡಿಸಿ ಬಿಡಿಸಿ.

"ಹಿಂದೆ ಕೂತವರಿಗೆ ಕೇಳಿಸ್ಲಿಲ್ಲವಂತೆ. ಸ್ವಲ್ಪ ದೊಡ್ಡದಾಗಿ." ಪರದೆಯಲ್ಲಿ ಒಬ್ಬ ಹಿರಿಯರ ಹೆಗಲು ನಗುವಿನಿಂದ ಕುಲುಕಿದ್ದನ್ನು ತಿಲಕ್ ಕಂಡ. ಕೇಳಿಸಿದೆ, ಎರಡು ಸಲವೂ ಕೇಳಿಸಿದೆ. ಸುಶಾಂತ್ ಏನೂ ಮಾಡಲು ತೋಚದೆ ಫೋನಿನ ಸದ್ದು ಹೆಚ್ಚಿಸುವವನಂತೆ ಬೆರಳಾಡಿಸಿದ. ಅಶ್ಮಿತಾ ಹೋಗಿ ಪೆಟ್ಟಿಗೆಯ ಹಿಡಿಕೆ ಎಳೆದಳು. "ಕೇಳುವವರಿಗೆ ಕೇಳಿಸಿದೆ" ಎಂದಳು. ಪೆಟ್ಟಿಗೆ ಒಂದೊಂದೇ ಮೆಟ್ಟಿಲು ಬಡಿಯುತ್ತ ಇಳಿಯಿತು. ಹೋಗಿ ಅದನ್ನು ಹಿಡಿದುಕೊಳ್ಳಬೇಕು ಎಂದು ಅವನಿಗೆ ಅನ್ನಿಸುತ್ತಲೇ ಇತ್ತು, ಕೊನೆಯ ಮೆಟ್ಟಿಲಿನ ಸದ್ದು ಬರುವವರೆಗೂ.

"ಪೂರ್ತಿ ಆಗ್ಲಿಲ್ಲ. ಇದು ಲೆಕ್ಕಕ್ಕಿಲ್ಲ" ಎಂದರು ಕೊರಗಪ್ಪನವರು. ಎಲ್ಲರೂ ತಿಲಕನ ಮುಖ ನೋಡಿದರು. ಊರಿನವರೂ ಪರದೆಯೊಳಗಿಂದ ನೋಡುತ್ತಿದ್ದರು. "ನಾಳೆ ಹೇಳ್ತೇನೆ" ಎಂದ. ಅದೇ ತನ್ನಿಂದಾಗುವ ದೊಡ್ಡ ಧೈರ್ಯ ಎಂದು ಆ ಗಳಿಗೆಯಲ್ಲಿ ನಂಬಿದ್ದ.

"ಆಗ್ಲಿ. ನಾಳೆ ಹೇಗೂ ಆಫೀಸಿಗೆ ಬರ್ತೀಯಲ್ಲ" ಎಂದು ಕೊರಗಪ್ಪನವರು ಕೈ ತೊಳೆಯಲು ಎದ್ದರು. ಬಹುವಚನ ಹೋಗಿ ಏಕವಚನ ಬಂದದ್ದನ್ನು ಬೇರೆ ಯಾರೂ ಗಮನಿಸಲಿಲ್ಲ.

ಮನೆಯಲ್ಲಿ ಯಶ್ಮಿತಾ ಅವನ ಮುಖ ನೋಡಿಯೇ ತಿಳಿದುಕೊಂಡಳು. ಅವಳ ಅಣ್ಣ ಊರಿನಲ್ಲಿ ಅಂಗಡಿ ಇಟ್ಟಿದ್ದಾನೆ. ಕೂಡುಕಟ್ಟಿನವರು ಹತ್ತದಿದ್ದರೆ ಆ ಅಂಗಡಿಗೆ ಬೀಗವೇ. ತಂಗಿಗೆ ಗಂಡು ನೋಡುತ್ತಿದ್ದಾರೆ. ಇದನ್ನೆಲ್ಲ ಅವಳು ಹೇಳಲಿಲ್ಲ, ಬಟ್ಟೆ ಮಡಚುತ್ತ, "ಸತ್ತವರು ಸತ್ತಾಯ್ತು. ನಾವು ಬದುಕ್ಬೇಕಲ್ಲ" ಎಂದಷ್ಟೇ ಅಂದಳು. ಪ್ರಾರ್ಥನಾ ಹೋಂವರ್ಕಿನಿಂದ ತಲೆ ಎತ್ತಿ, "ಹೂ ಡೈಡ್, ಪಪ್ಪಾ?" ಎಂದು ಕೇಳಿದಳು. ಊರಿನ ಒಬ್ಬ ಹೆಂಗಸು ಎಂದ. "ಡಿಡ್ ಯು ನೋ ಹರ್?" ಗೊತ್ತಿತ್ತು ಎನ್ನಲು ಹೋದವನಿಗೆ ಅದು ಎಂಥ ಮಾತು ಎನಿಸಿ, ಊಟ ಮಾಡು ಎಂದ. ಅವಳು ಉಂಡು ಆಗಿತ್ತು.

ಸೋಮವಾರ ಬೆಳಿಗ್ಗೆ ಗೋದಾಮಿಗೆ ಬಂದಾಗ ಕೊರಗಪ್ಪನವರ ಕ್ಯಾಬಿನ್ನಿನಲ್ಲಿ ಅವನಿಗೆಂದು ಹಾಲಿಲ್ಲದ ಸುಲೈಮಾನಿ ಚಹಾ ತರಿಸಿಟ್ಟಿದ್ದರು. ಇಷ್ಟು ವರ್ಷಗಳಲ್ಲಿ ಆ ಕ್ಯಾಬಿನ್ನಿನಲ್ಲಿ ಅವನು ಕೂತು ಚಹಾ ಕುಡಿದದ್ದಿಲ್ಲ. "ತಿಲಕಾ, ನಾನು ಯೋಚನೆ ಮಾಡಿದೆ" ಎಂದರು ಮೃದುವಾಗಿ. "ನಿನಗೆ ಕಷ್ಟ ಅಂತ ನನಗೆ ಗೊತ್ತುಂಟು. ಆ ಹೆಂಗಸು ನಿನ್ನನ್ನು ಎತ್ತಿ ಆಡಿಸಿದವಳು. ಹಾಗಾಗಿ ಯಾರೂ ಹೋಗ್ಬೇಡಿ ಅಂತ ನೀನು ಹೇಳುವುದೇ ಬೇಡ. ಸುಮ್ಮನಿರು, ಸಾಕು. ಒಂದು ದಿನ ಬಾಯಿ ಮುಚ್ಚಿ ಕೂತ್ರೆ ಎಲ್ಲ ತನ್ನಷ್ಟಕ್ಕೆ ಮುಗೀತದೆ, ಖಲಾಸ್." ನಿಂಬೆಯ ತುಂಡನ್ನು ಅವನ ಲೋಟಕ್ಕೆ ತಾವೇ ಹಿಂಡಿದರು. "ನಿನ್ನ ವೀಸಾ ರಿನ್ಯೂವಲ್ ಈ ತಿಂಗಳೇ ಅಲ್ವಾ? ಮಗಳ ಶಾಲೆ ಎಲ್ಲ ಇಲ್ಲೇ. ಅದು ನನ್ನ ತಲೆಯಲ್ಲುಂಟು, ನೀನು ಹೆದರ್ಬೇಡ." ಹೆದರಬೇಡ ಎಂದ ಮೇಲೆಯೇ ಅವನಿಗೆ ಹೆದರಿಕೆಯಾದದ್ದು. ಚಹಾ ಬಿಸಿಯಿತ್ತು. ಪೂರ್ತಿ ಕುಡಿದ. ತುಂಬಾ ಉಪಕಾರವಾಯ್ತು ಸಾರ್ ಎಂದೂ ಹೇಳಿದ.

ಕಪಾಟುಗಳ ನಡುವಿನ ಓಣಿಗೆ ಬಂದು, ಬ್ರೇಕ್ ಡ್ರಮ್ಮುಗಳ ಪೆಟ್ಟಿಗೆಗಳನ್ನು ಎಣಿಸುವವನಂತೆ ನಿಂತ. ಸುಮ್ಮನಿರುವುದು ಸುಲಭ. ಸುಮ್ಮನಿದ್ದರೆ ಯಾರೂ ಅವನನ್ನು ಏನೂ ಕೇಳುವುದಿಲ್ಲ, ಅವನೂ ಯಾರನ್ನೂ ಹೊರಗೆ ಹಾಕಿದ ಹಾಗಾಗುವುದಿಲ್ಲ. ತಗಡಿನ ಮಾಡು ಆಗಲೇ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಕೈ ತನ್ನಷ್ಟಕ್ಕೆ ಫೋನು ತೆಗೆದು ಅಮ್ಮನಿಗೆ ಹಚ್ಚಿತ್ತು. ಅಮ್ಮ ಊರಿನಲ್ಲಿ ಅವನ ತಮ್ಮನ ಸಂಸಾರದೊಂದಿಗೆ ಇದ್ದಳು. ಮನೆಯ ಬೇಲಿಯಿಂದಾಚೆ ಒಂದು ಗದ್ದೆ ದಾಟಿದರೆ ಅಮ್ಮಣ್ಣಿಯಕ್ಕನ ಅಂಗಳ.

"ತಂದ್ರು" ಎಂದಳು ಅಮ್ಮ. "ಆಂಬುಲೆನ್ಸಿನವರು ಅಂಗಳದಲ್ಲಿ ಇಳಿಸಿ ಹೋದ್ರು. ಹುಡುಗಿ ಒಬ್ಬಳೇ ಕೂತಿದ್ದಾಳೆ. ಇಲ್ಲಿಂದ ಕಾಣ್ತದೆ."

"ಯಾರೂ ಹೋಗ್ಲಿಲ್ವಾ?"

"ಬೇಲಿಯ ಹತ್ತಿರ ಎಲ್ಲ ನಿಂತಿದ್ದಾರೆ. ಒಳಗೆ ಯಾರೂ ಹೋಗ್ಲಿಲ್ಲ."

"ಅಮ್ಮಾ, ನೀನು ಹೋಗು."

"ಹೋಗ್ಬಾರ್ದು ಅಂತ ಹೇಳಿದ್ದು ನೀನೇ ಅಲ್ವಾ?" ಎಂದಳು ಅಮ್ಮ. ಆಕ್ಷೇಪಣೆಯ ದನಿಯಲ್ಲ, ಮರೆತವನಿಗೆ ನೆನಪು ಮಾಡಿಕೊಡುವ ದನಿ. "ಸಾಯುವ ಮೊದಲಿನ ದಿನ ಅಮ್ಮಣ್ಣಿ ಬೇಲಿಯ ಹತ್ತಿರ ಬಂದು ಎಂಥದೋ ಕೇಳಿದಳು. ನಾನು ಮುಖ ತಿರುಗಿಸಿ ಬಂದೆ. ಗುರಿಕಾರನ ಅಮ್ಮನೇ ಮಾತಾಡಿದ್ರೆ ಹೇಗೆ?"

ಆಗ ಅವನು ಮಾಡಿದ್ದು ಧೈರ್ಯದಿಂದಲ್ಲ. ಎಂಥದೋ ಕೇಳಿದಳು ಎಂಬ ಆ ಎಂಥದೋ ಏನಿರಬಹುದು ಎಂದು ಇನ್ನು ಜನ್ಮವಿಡೀ ಯೋಚಿಸಬೇಕಾಗುತ್ತದೆ ಎಂಬ ದಿಗಿಲಿನಿಂದ, ಕೂಡುಕಟ್ಟಿನ ವಾಟ್ಸಾಪ್ ಗುಂಪು ತೆರೆದು, ಮೈಕಿನ ಗುಂಡಿ ಒತ್ತಿ ಹಿಡಿದು ಹೇಳಿದ: "ನಾನು ಗುರಿಕಾರ ಹೇಳ್ತಿದ್ದೇನೆ. ಅಮ್ಮಣ್ಣಿಯಕ್ಕನ ಮನೆ ಒಳಗೆ. ಎಲ್ಲರೂ ಹೋಗಿ ಹೆಗಲು ಕೊಡಿ." ತನ್ನ ಸ್ವರ ಅಪ್ಪನದ್ದರ ಹಾಗೆ ಕೇಳಿಸಿತು. ಆ ಗಾಬರಿಯಲ್ಲೂ ಅದರಿಂದ ಒಂದು ಸುಖವಾಯಿತು. ಒಬ್ಬೊಬ್ಬರೇ ಕೇಳಿದ ಗುರುತು ಬಂತು. ಯಾರೂ ಉತ್ತರಿಸಲಿಲ್ಲ. ಹಿರಿಯರೊಬ್ಬರಿಗೆ ನೇರವಾಗಿ ಫೋನು ಹಚ್ಚಿದ. ಅವನ ತಲೆಗೆ ಮುಂಡಾಸು ಸುತ್ತಿದವರು ಅವರೇ. "ಕೇಳಿದೆ ಗುರಿಕಾರ್ರೇ" ಎಂದರು. "ಕೊರಗಪ್ಪಣ್ಣನಿಗೆ ಗೊತ್ತುಂಟಾ?"

"ಅವರಿಗೆ ಯಾಕೆ ಗೊತ್ತಿರ್ಬೇಕು? ಹೇಳುವವನು ನಾನಲ್ವಾ?"

"ಹೌದು ಹೌದು, ನೀವೇ. ಆದ್ರೂ ಸ್ವಲ್ಪ ನೋಡುವಾ." ಫೋನು ಇಟ್ಟರು. ಮತ್ತೆ ಗುಂಪು ತೆರೆದಾಗ ಅವನ ಮಾತಿದ್ದ ಜಾಗದಲ್ಲಿ, ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ ಎಂದಿತ್ತು. ಅದರ ಕೆಳಗೆ ಯಾರೋ ಶುಭೋದಯದ ಹೂವು ಕಳಿಸಿದ್ದರು. ಆ ಹೂವನ್ನು ನೋಡುತ್ತ ನಿಂತವನಿಗೆ ನಿಧಾನವಾಗಿ ತಿಳಿಯಿತು: ಕಲ್ಲಂಗಡಿಯ ಮುಂದೆ ನಿಂತು ಆಡಿದ ಆ ಮಾತನ್ನು ಅವರು ಕೇಳಿದ್ದು ಗುರಿಕಾರನದ್ದೆಂದಲ್ಲ. ಅವರಿಗೆ ಬೇಕಾದ ಮಾತು ಅದಾಗಿತ್ತು, ಅಷ್ಟೇ. ಅದನ್ನು ಆಡಲು ಒಂದು ಬಾಯಿ ಬೇಕಿತ್ತು.

"ತಿಲಕ್ ಭಾಯ್, ಸೈಡ್, ಸೈಡ್!" ಫೋರ್ಕ್‌ಲಿಫ್ಟ್ ಓಡಿಸುವ ಜಂಶೀರ್ ಕೂಗಿದ. ಗೋಡೆಗೆ ಒತ್ತಿ ನಿಂತಾಗ ಫೋನು ಕೈಯಲ್ಲಿ ನಡುಗಿತು. ಅಶ್ಮಿತಾಳ ವೀಡಿಯೋ. ಆದರೆ ಪರದೆಯಲ್ಲಿದ್ದವನು ಹರ್ಬರ್ಟ್, ಬೆವರಿದ ದುಂಡು ಮುಖ, ಹಿಂದೆ ಅವನ ಮಗ ಇವಾನ್ ಮತ್ತು ಇಗರ್ಜಿಯ ಇನ್ನಿಬ್ಬರು. "ತಿಲಕ್, ನಾನು ಮಾರಾಯಾ. ಇವಳಿಗೆ ಏನೂ ಗೊತ್ತಿಲ್ಲವಂತೆ. ಪೇಟೆಯ ರುದ್ರಭೂಮಿಗೆ ನಾವು ಒಯ್ತೇವೆ, ಪಿಕಪ್ ಉಂಟು. ಆದ್ರೆ ನಿಮ್ಮ ಕ್ರಮ ಹೇಗೆ? ಹೊರಡುವ ಮೊದಲು ಎಂಥೆಲ್ಲ ಮಾಡ್ಲಿಕ್ಕುಂಟು? ನೀನು ಗುರಿಕಾರ ಅಲ್ವಾ, ಹೇಳು, ನಾವು ಮಾಡ್ತೇವೆ." ಫೋನನ್ನು ತುಳಸಿಕಟ್ಟೆಯ ಮೇಲೆ ನಿಲ್ಲಿಸಿ ಅವನು ಹಿಂದೆ ಸರಿದ. ಅಂಗಳ ಕಂಡಿತು. ಚಾಪೆಯ ಮೇಲೆ ಬಿಳಿ ಬಟ್ಟೆಯಲ್ಲಿ ಅಮ್ಮಣ್ಣಿಯಕ್ಕ, ಇಷ್ಟು ಸಣ್ಣದಾಗಿ. ಪಕ್ಕದಲ್ಲಿ ಅಶ್ಮಿತಾ, ಅವಳು ಫೋನಿನ ಕಡೆ ನೋಡಲಿಲ್ಲ. ಬೇಲಿಯಾಚೆ ಊರು.

ತಿಲಕ್ ಬಾಯಿ ತೆರೆದ. ಮುಂಡಾಸು ಸುತ್ತಿಸಿಕೊಂಡವನಿಗೆ ಗೊತ್ತಿರಬೇಕಿತ್ತು. ಅಪ್ಪ ಸತ್ತಾಗ ಅವನು ಊರಿಗೆ ಮುಟ್ಟುವಷ್ಟರಲ್ಲಿ ಬೂದಿಯೂ ತಣ್ಣಗಾಗಿತ್ತು. ಅದಕ್ಕೂ ಮೊದಲು, ಬೇರೆಯವರ ಸಾವಿನ ಮನೆಗಳಲ್ಲಿ, ಗುರಿಕಾರರ ಮಗನೆಂದು ಅವನಿಗೆ ದೂರದಲ್ಲಿ ಕುರ್ಚಿ ಹಾಕುತ್ತಿದ್ದರು. ಅವನು ಯಾರಿಗೂ ಹೆಗಲು ಕೊಟ್ಟವನಲ್ಲ. "ಹರ್ಬರ್ಟಾ" ಎಂದ, "ನನಗೆ ಗೊತ್ತಿಲ್ಲ."

"ಎಂಥ ಗೊತ್ತಿಲ್ಲ?"

"ಎಂಥದೂ ಗೊತ್ತಿಲ್ಲ."

ಹರ್ಬರ್ಟ್ ಮಗನ ಮುಖ ನೋಡಿದ. ಸರಿ, ನಮಗೆ ತಿಳಿದ ಹಾಗೆ ಎತ್ತುವಾ ಎಂದು ನಾಲ್ವರೂ ಚಾಪೆಯ ಮೂಲೆಗಳಿಗೆ ಬಗ್ಗಿದರು. ಆಗ ಬೇಲಿಯಾಚೆಯಿಂದ ಒಂದು ಹೆಣ್ಣುಸ್ವರ, ಗದ್ದೆಯಲ್ಲಿ ಆಳುಗಳನ್ನು ಕರೆಯುವಷ್ಟು ಗಟ್ಟಿಯಾಗಿ: "ನಿಲ್ಲಿ! ಹಾಗೆ ಎತ್ತುವುದಲ್ಲ. ತಲೆ ತೆಂಕಕ್ಕೆ ಮಾಡಿ ಮೊದಲು. ನೀರು ಬಿಟ್ಟಾಯ್ತಾ?" ಬೇಲಿಯ ಹತ್ತಿರದ ತಲೆಗಳೆಲ್ಲ ಒಂದು ಕಡೆ ತಿರುಗಿದವು. ಅಮ್ಮ. ಆಡಬಾರದ ಮಾತನ್ನು ಆಡಿ ಆಗಿತ್ತು. ಯಾರೋ ಅವಳ ರಟ್ಟೆ ಹಿಡಿದರು, ತಿಲಕನ ತಮ್ಮನಿರಬೇಕು. ಅವಳು ಕೈ ಬಿಡಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಯ ತಡಮೆ ದಾಟಿ ಅಂಗಳಕ್ಕೆ ಇಳಿದಳು. ಮಂಡಿನೋವಿನ ಕಾಲು ಎಳೆಯುತ್ತ ಬರುತ್ತಿದ್ದವಳನ್ನು ಯಾರೂ ಹಿಂಬಾಲಿಸಲಿಲ್ಲ. ಅಂಗಳದ ಬಿಸಿಲಿನಲ್ಲಿ ಅವಳೊಬ್ಬಳೇ.

ಓಣಿಯ ತುದಿಯಲ್ಲಿ ಕೊರಗಪ್ಪನವರು ಬಂದು ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ. ಅವರ ಕಿವಿಯಲ್ಲೂ ಫೋನು. ಆ ಕಡೆ ಅವರ ತಮ್ಮ ಮಾತಾಡುತ್ತಿದ್ದಿರಬೇಕು. "ಯಾರು? ಗುರಿಕಾರನ ಅಮ್ಮನಾ?" ಎಂದು ಕೇಳಿ, ಫೋನು ಕೆಳಗಿಳಿಸಿ, ನಿಧಾನವಾಗಿ ಹತ್ತಿರ ಬಂದರು. ಸಿಟ್ಟು ಕಾಣಲಿಲ್ಲ. "ಹಿಂದೆ ಹೋಗ್ಲಿಕ್ಕೆ ಹೇಳು ತಿಲಕಾ" ಎಂದರು. "ನೀನು ಹೇಳಿದ್ರೆ ಕೇಳ್ತಾರೆ. ಪ್ರಾಯ ಆದವರು. ನಾಳೆ ಅವರಿಗೂ ನಾಲ್ಕು ಜನ ಬೇಕಲ್ವಾ?"

ನಿಜ. ಅಮ್ಮ ಕೇಳುತ್ತಾಳೆ. ಊರಿನಲ್ಲಿ ಅವನ ಮಾತನ್ನು ನಿಜವಾಗಿ ಕೇಳಿದವಳು ಅವಳೊಬ್ಬಳೇ. ಮುಖ ತಿರುಗಿಸು ಎಂದರೆ ತಿರುಗಿಸಿದವಳು. ಪರದೆಯಲ್ಲಿ ಅಮ್ಮ ಹೆಣದ ತಲೆಯ ಬಳಿ ಕುಕ್ಕುರುಗಾಲಲ್ಲಿ ಕೂತು, ಸತ್ತವಳ ಹಣೆಯ ಮೇಲಿನ ಕೂದಲನ್ನು ಎರಡೂ ಕೈಯಿಂದ ಹಿಂದೆ ಸರಿಸುತ್ತಿದ್ದಳು. ಅಶ್ಮಿತಾ ಈಗ ಅಳುತ್ತಿದ್ದಳು. ಪ್ರಾರ್ಥನಾಳ ಶಾಲೆ, ಯಶ್ಮಿತಾಳ ತಂಗಿ, ಅಮ್ಮನ ಮಂಡಿ, ಬೇಲಿಯಾಚೆಯ ಆ ಮುಖಗಳು ನಾಳೆಯಿಂದ ಅಮ್ಮನನ್ನು ಮುಟ್ಟದ ಹಾಗೆ ಬಳಸಿಕೊಂಡು ಹೋಗುವುದು, ಎಲ್ಲವೂ ಒಂದರ ಮೇಲೊಂದು ಬಂದವು.

"ಅಮ್ಮಾ" ಎಂದ.

ಅವಳು ಸ್ವರ ಎಲ್ಲಿಂದ ಬಂತೆಂದು ತಿಳಿಯದೆ ಸುತ್ತ ನೋಡಿದಳು. ಹರ್ಬರ್ಟ್ ತುಳಸಿಕಟ್ಟೆಯ ಕಡೆ ಕೈ ತೋರಿಸಿದ. ಅಮ್ಮ ತಲೆ ಎತ್ತಿ ಕಾದಳು. ಕೊರಗಪ್ಪನವರೂ ಕಾದರು.

"ಅಮ್ಮಾ, ಮುಂದೆ ಎಂಥ ಮಾಡ್ಬೇಕು ಅಂತ ಅವರಿಗೆ ನೀನೇ ಹೇಳು" ಎಂದ ತಿಲಕ್. "ನಾನೂ ಕೇಳ್ತೇನೆ."

ಅಮ್ಮ ಹೇಳತೊಡಗಿದಳು. ಬೆನ್ನ ಹಿಂದೆ ಕೊರಗಪ್ಪನವರ ಚಪ್ಪಲಿಯ ಸದ್ದು ಅವಸರವಿಲ್ಲದೆ ದೂರ ಹೋಯಿತು. ಕ್ಯಾಬಿನ್ನಿನ ಬಾಗಿಲು ಮುಚ್ಚಿದ್ದು, ಒಳಗಿಂದ ಅವರು ವೀಸಾ ಕಾಗದ ನೋಡಿಕೊಳ್ಳುವವನನ್ನು ಹೆಸರು ಹಿಡಿದು ಕರೆದದ್ದು ಕೇಳಿಸಿತು. ಅವನು ತಿರುಗಿ ನೋಡಲಿಲ್ಲ. ಅಮ್ಮನ ಮಾತು ತಪ್ಪಿಹೋಗದ ಹಾಗೆ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡ.